ಹುಳುಮನೆಯ ಸೆಕೆ ರಾಯದುರ್ಗಕ್ಕೆ ತಿಳಿದದ್ದು

ಆ ಪೆಟ್ಟಿಗೆಯನ್ನು ನಾನು ರಾಯದುರ್ಗದಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದೆ, ದಾರಿಯುದ್ದಕ್ಕೂ ಅದರ ವಿರುದ್ಧ ವಾದ ಕಟ್ಟಿಕೊಂಡು ಬಂದೆ. ಕಲ್ಯಾಣದುರ್ಗ ದಾಟುವ ಹೊತ್ತಿಗೆ ಮೊದಲ ಆಕ್ಷೇಪ ಸಿದ್ಧವಾಗಿತ್ತು. ಪಾವಗಡದಲ್ಲಿ ಬಸ್ಸು ಬದಲಿಸುವಾಗ ಅದಕ್ಕೆ ಎದುರಾಳಿ ಕೊಡಬಹುದಾದ ಉತ್ತರ, ಆ ಉತ್ತರಕ್ಕೆ ನನ್ನ ಮರುಉತ್ತರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಇದೊಂದು ಚಟ. ಎದುರಿಗೆ ಯಾರೂ ಇಲ್ಲದಿದ್ದರೆ ತಾವೇ ಎದುರಾಳಿಯನ್ನು ಹುಟ್ಟಿಸಿಕೊಂಡು ಸೋಲಿಸುತ್ತಾರೆ.

ಪೆಟ್ಟಿಗೆ ಕೊಟ್ಟು ಕಳಿಸಿದ್ದು ಅಕ್ಕ ಮತ್ತು ಭಾವ. ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ನಮ್ಮ ರಾಯದುರ್ಗಕ್ಕೇ ಮದುವೆಯಾಗಿ ಬಂದವಳು, ಆಗ ತುಂಬಿದ ಬಸುರಿ. ಪೆಟ್ಟಿಗೆ ತಲುಪಬೇಕಾದದ್ದು ದೊಡ್ಡಮ್ಮನಿಗೆ. ನನ್ನ ಅಮ್ಮನ ಅಕ್ಕ ಅವಳು. ಮಡಕಶಿರದಿಂದಾಚೆ, ರತ್ನಗಿರಿಯ ಕೋಟೆಬೆಟ್ಟ ಕಾಣುವ ಹಳ್ಳಿಯೊಂದರಲ್ಲಿ ರೇಷ್ಮೆಹುಳು ಸಾಕುತ್ತಾಳೆ. ದೊಡ್ಡಪ್ಪ ವರ್ಷದ ಈ ಕಾಲದಲ್ಲಿ ಊರಲ್ಲಿರುವುದಿಲ್ಲ. ಕುರಿ ಹೊಡೆದುಕೊಂಡು ಭೈರವಾನಿತಿಪ್ಪ ಜಲಾಶಯದ ಕಡೆ, ಹಸಿರು ಉಳಿದಲ್ಲಿ ಇರುತ್ತಾನೆ.

ಮೊದಲ ಹೆರಿಗೆ ತವರಲ್ಲಾಗಬೇಕು. ಆದರೆ ಡಾಕ್ಟರು ಅಕ್ಕನಿಗೆ ಬಸ್ಸು ಹತ್ತಬಾರದು, ಮಂಚ ಬಿಟ್ಟು ಹೆಚ್ಚು ಓಡಾಡಬಾರದು ಎಂದಿದ್ದರು. ಹಾಗಾದರೆ ತವರೇ ಅಲ್ಲಿಗೆ ಹೋಗಲಿ, ಗೂಡು ಮಾರಿ ಹೊರಡೋಣ ಎಂದು ದೊಡ್ಡಮ್ಮ ಲೆಕ್ಕ ಹಾಕಿದ್ದಳು. ಡಾಕ್ಟರು ಆ ಲೆಕ್ಕವನ್ನೂ ಕೆಡಿಸಿದರು. ಇನ್ನು ಕಾಯುವುದು ಬೇಡ, ಮುಂದಿನ ವಾರವೇ ಆಪರೇಷನ್ ಮಾಡಿ ತೆಗೆಯೋಣ ಎಂದರು. ಮುಂದಿನ ವಾರವೆಂದರೆ ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿಯೂ ತಿನ್ನುವ ವಾರ. ಪೊರೆ ಬಿಡುವ ಮೊದಲು ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೇ ಜ್ವರ ಎನ್ನುವುದು. ನಾಲ್ಕು ಜ್ವರ ಕಳೆದ ಮೇಲೆ ಬರುವ ಆ ಹಸಿವಿನ ದಿನಗಳಲ್ಲಿ ಸೆಕೆ ಹೆಚ್ಚಾದರೆ, ಗಾಳಿ ಕಟ್ಟಿದರೆ, ಸೊಪ್ಪು ಬಾಡಿದರೆ ಅಷ್ಟೂ ದಿನದ ದುಡಿಮೆ ತಟ್ಟೆಯಲ್ಲೇ ಸಾಯುತ್ತದೆ.

ಅಕ್ಕ ಫೋನ್ ಮಾಡಿ ಈ ಸುದ್ದಿ ಹೇಳಿದಾಗ ಬಾ ಎನ್ನಲಿಲ್ಲವಂತೆ. "ಹುಳ ಎಷ್ಟನೇ ಜ್ವರದಾಗವೆ ಅಮ್ಮ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, "ಸರಿ ಬಿಡು" ಎಂದಳಂತೆ. ಹುಳುಮನೆಯಲ್ಲಿ ಬೆಳೆದ ಮಗಳು.

"ನನ್ನ ಬಾಣಂತನಕ್ಕೂ ನಮ್ಮವ್ವ ಬರ್ನಿಲ್ಲ," ಎಂದಳು ದೊಡ್ಡಮ್ಮ, ನಾನು ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ನೀರು ಕುಡಿಯುತ್ತಿದ್ದಾಗ. "ಅವಳ ಮನೇಲೂ ಹುಳ ಹಣ್ಣಾಗಿದ್ವು. ಬತ್ತಾಳೆ, ಬತ್ತಾಳೆ ಅಂತ ಬಾಗ್ಲು ನೋಡಿದ್ದೇ ನೋಡಿದ್ದು. ನನ್ನ ಮಗಳೂ ಅಂಗೆ ನೋಡ್ಬೇಕಾ, ಯೋಳು."

ನಾನು ಕಟ್ಟಿಕೊಂಡು ಬಂದಿದ್ದ ಆಕ್ಷೇಪಗಳು ಇದರ ಮುಂದೆ ಸಣ್ಣವಾಗಿ ಕಂಡವು. ಆದರೂ ಅವನ್ನು ಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ತೊಡಕೂ ಇತ್ತು. ಹುಳುಮನೆಗೆ ಚಪ್ಪಲಿ ಇಲ್ಲ, ಊದುಬತ್ತಿ ಇಲ್ಲ, ಒಗ್ಗರಣೆಯ ಹೊಗೆ ಇಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಕಾಲಿಡಬೇಕು. ಇವೆಲ್ಲಕ್ಕೂ ರೇಷ್ಮೆ ಇಲಾಖೆಯವರೂ ಕಾರಣ ಕೊಟ್ಟು ಹೌದೆನ್ನುತ್ತಾರೆ. ಆದರೆ ದೊಡ್ಡಮ್ಮನ ಅತ್ತೆಯ ಕಾಲದಿಂದ ಬಂದ ಇನ್ನೊಂದು ನಿಯಮವಿತ್ತು. ಹೆರಿಗೆಯ ಮನೆಗೆ ಹೋಗಿ ಕೂಸು ಮುಟ್ಟಿದವರು ಸೂತಕ ಕಳೆಯುವ ಪುರುಡಿನ ಸ್ನಾನ ಆಗುವವರೆಗೆ ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ಅಂದರೆ ಹೋಗಿ ಒಂದು ದಿನ ಇದ್ದು ಓಡಿ ಬರುವುದು ಎಂಬ ದಾರಿಯೇ ಇರಲಿಲ್ಲ. ಹೋದರೆ ಹೋದಂತೆ. ಹುಳು ಗೂಡು ಕಟ್ಟುವುದು ಅವಳ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ಈ ಪೆಟ್ಟಿಗೆ. ಜೊತೆಗೆ, ಪರೀಕ್ಷೆ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು.

ಪೆಟ್ಟಿಗೆಯೊಳಗೆ ಬಿಳಿಯ ಪ್ಲಾಸ್ಟಿಕ್ಕಿನ ಚಿಕ್ಕದೊಂದು ವಸ್ತು, ಊಟದ ಡಬ್ಬಿಯಷ್ಟು. ಅದರಿಂದ ತೂಗುವ ಒಂದು ತಂತಿ, ತಂತಿಯ ತುದಿಯಲ್ಲಿ ಬೆರಳಿನಷ್ಟು ದಪ್ಪದ ಮೂತಿ. ಆ ಮೂತಿ ಕೋಣೆಯ ಸೆಕೆ ಮತ್ತು ಗಾಳಿಯ ತೇವ ಎರಡನ್ನೂ ಅಳೆಯುತ್ತದೆ. ಡಬ್ಬಿಯೊಳಗೆ ಸಿಮ್ ಇದೆ. ಅಳೆದದ್ದನ್ನು ಫೋನಿಗೆ ತಿಳಿಸುತ್ತದೆ; ಸೆಕೆ ಮಿತಿ ಮೀರಿದರೆ ಫೋನಿನ ಪರದೆ ಕೆಂಪಾಗಿ ಕೂಗಿಕೊಳ್ಳುತ್ತದೆ. ಫ್ಯಾನಿನ ತಂತಿಯನ್ನೂ ಇದಕ್ಕೇ ಸಿಕ್ಕಿಸಿದರೆ, ಫೋನಿನಲ್ಲಿ ಫ್ಯಾನಿನ ಚಿತ್ರ ಒತ್ತಿದಾಗ ಇಲ್ಲಿ ಫ್ಯಾನು ತಿರುಗುತ್ತದೆ. ಹೊರಗೆ ಇದರ ಬಗ್ಗೆ ಏನೇನೋ ದೊಡ್ಡ ಮಾತು ಆಡುತ್ತಾರೆ. ಸಾಮಾನುಗಳೂ ಇನ್ನು ಮುಂದೆ ಇಂಟರ್ನೆಟ್ಟಿನಲ್ಲಿ ಇರುತ್ತವಂತೆ. ಬಲ್ಬು, ಬೀಗ, ಮೋಟರು, ಮನುಷ್ಯರ ಹಾಗೆ ಒಂದಕ್ಕೊಂದು ಸುದ್ದಿ ಕಳಿಸುತ್ತವಂತೆ. ಅಷ್ಟು ಮಾತಿನ ಹಿಂದೆ ಇರುವುದು ಇಷ್ಟೇ: ಒಂದು ವಸ್ತುವಿಗೆ ಏನೋ ತಿಳಿಯುತ್ತದೆ, ಅದನ್ನು ದೂರದಲ್ಲಿರುವ ಯಾರಿಗೋ ಹೇಳುತ್ತದೆ, ಅವರು ಹೇಳಿದ್ದನ್ನು ಮಾಡುತ್ತದೆ.

ನಾನು ಇದನ್ನು ವಿವರಿಸುವಾಗ ಹುಳುಮನೆಯ ಬಾಗಿಲಲ್ಲಿ ಇಬ್ಬರಿದ್ದರು: ದೊಡ್ಡಮ್ಮ, ಮತ್ತು ಪಕ್ಕದ ಮನೆಯ ಅಜ್ಜಿ. ಅಜ್ಜಿ ದೊಡ್ಡಮ್ಮನ ಜೊತೆ ಹುಳ ಮೇಯಿಸಿ ಮೇಯಿಸಿ ಬೆನ್ನು ಬಗ್ಗಿಸಿಕೊಂಡವಳು. ದೊಡ್ಡಮ್ಮ ಹೋದರೆ ಹುಳು ನಿಲ್ಲುವುದು ಅವಳ ಕೈಯಲ್ಲಿ. ನನ್ನ ಕೈಗೆ ಸೊಪ್ಪು ಕೊಯ್ದು ಹೊರುವುದಷ್ಟೇ ಬರುತ್ತಿತ್ತು.

"ಇದು ನನ್ನ ಫೋನಿಗೆ ನೆಟ್ಟಗೆ ಯೋಳ್ತದಾ?" ಎಂದಳು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ. ಇದು ಟವರಿಗೆ ಹೇಳತೈತಿ, ಟವರು ಎಲ್ಲೋ ಇರೋ ದೊಡ್ಡ ಕಂಪ್ಯೂಟರಿಗೆ ಹೇಳತೈತಿ, ಅಲ್ಲಿಂದ ವಾಪಸ್ ನಿನ್ನ ಫೋನಿಗೆ. ಅದಕ್ಕ ನಾನು ಹೇಳೋದು. ನಿನ್ನ ಮನಿ ಸೆಕಿ ಯಾರ‍್ಯಾರಿಗೋ ಗೊತ್ತಾಗತೈತಿ. ಗುರುತು ಪರಿಚಯ ಇಲ್ಲದೋರು ಕೂತು ನೋಡ್ತಾರ. ಯಾಕ ನೋಡಬೇಕು ಅವರು?"

"ನೋಡ್ಲಿ ಬಿಡು. ಸೆಕೆ ತಾನೆ, ಒಡವೆ ಅಲ್ವಲ್ಲ."

"ನೆಟ್‌ವರ್ಕ್ ಹೋದ್ರ?"

"ಬಸ್ಸೂ ಕೆಡ್ತದೆ. ನೀನು ಬರ್ನಿಲ್ವಾ?" ಅಜ್ಜಿಯ ಕಡೆ ತಿರುಗಿ, "ರಾಯದುರ್ಗದೋರ ಮಾತು ನೋಡು, ಯಾಕ, ಯಾಕ ಅಂತ. ಕಾಗೆ ಕೂಗ್ದಂಗೆ," ಎಂದಳು.

ನಾನು ಫೋನಿನಲ್ಲಿ ಫ್ಯಾನಿನ ಚಿತ್ರ ಒತ್ತಿ ತೋರಿಸಿದೆ. ಒಳಗೆ ಫ್ಯಾನು ತಿರುಗಿತು. ದೊಡ್ಡಮ್ಮ ನಕ್ಕಳು. ಅಜ್ಜಿ ನಗಲಿಲ್ಲ.

"ಇವಳು ಬಾಣಂತಿ ಮನೇಲಿ ಕುಂತು ಅದನ್ನ ಒತ್ತಿದ್ರೆ ಇಲ್ಲಿ ತಿರುಗ್ತದಾ?"

"ತಿರುಗತೈತಿ ಅಜ್ಜಿ."

"ಅಂದ್ರೆ ಇವಳ ಕೈ ಇಲ್ಲಿಗೆ ಬಂದಂಗಾಯ್ತು."

"ಕೈ ಎಲ್ಲಿ ಬರತೈತಿ? ಸುದ್ದಿ ಬರತೈತಿ ಅಷ್ಟ."

"ಕೈ ಬರದಿದ್ರೆ ಫ್ಯಾನು ಎಂಗೆ ತಿರುಗ್ತು? ಬಂದಿದ್ರೆ, ಆ ಕೈಗೆ ಪುರುಡು ಅಲ್ವಾ? ಎರಡ್ರಲ್ಲಿ ಒಂದು ಯೋಳವ್ವ."

ಪುರುಡಿನಲ್ಲಿ ನನಗೆ ನಂಬಿಕೆಯಿಲ್ಲ. ಅದು ಬೇರೆ ಮಾತು. ಆದರೆ ಆ ಪ್ರಶ್ನೆಯ ಎರಡು ಕೊಂಬುಗಳ ನಡುವೆ ನುಸುಳಲು ಜಾಗವಿರಲಿಲ್ಲ. ಒಂದು ದಾರಿ ಮಾತ್ರ ಹೊಳೆಯಿತು. ಯಾರೂ ಒತ್ತದೆಯೇ, ಸೆಕೆ ಇಷ್ಟಾದರೆ ತಾನಾಗಿ ತಿರುಗು ಎಂದು ಡಬ್ಬಿಗೇ ಹೇಳಿಡಬಹುದು. ಆಗ ಯಾರ ಕೈಯೂ ಇಲ್ಲ, ಯಾರ ಪುರುಡೂ ಇಲ್ಲ. ಗೆದ್ದೆ ಎಂದುಕೊಂಡು ಹೇಳಿದೆ.

ಈಗ ಒಪ್ಪದವಳು ದೊಡ್ಡಮ್ಮ. "ಬ್ಯಾಡ ಪಾಪ. ಯಾರೂ ಇಲ್ದಂಗೆ ಅದರ ಪಾಡಿಗೆ ಅದು ತಿರುಗೋದು ಬ್ಯಾಡ. ಯಾರಾನಾ ನೋಡ್ಬೇಕು, ಅಯ್ಯೋ ಸೆಕೆ ಆಯ್ತಲ್ಲ ಅನ್ಕಬೇಕು, ಆಮೇಲೆ ತಿರುಗಿಸ್ಬೇಕು. ಹುಳ ಅವು, ಹಿಟ್ಟಿನ ಗಿರಣಿ ಅಲ್ಲ."

ಕಡೆಗೆ ರಾಜಿಯಾಯಿತು. ದೊಡ್ಡಮ್ಮ ರಾಯದುರ್ಗದಲ್ಲಿ ಫೋನು ನೋಡುತ್ತಾಳೆ, ಒತ್ತುವುದಿಲ್ಲ. ಸೆಕೆ ಏರಿದರೆ ನನಗೆ ಫೋನ್ ಮಾಡುತ್ತಾಳೆ. ನಾನು ಹೋಗಿ ಕೈಯಲ್ಲೇ ಸ್ವಿಚ್ ಹಾಕುತ್ತೇನೆ. ಅಜ್ಜಿ ಇದಕ್ಕೆ ತಲೆಯಾಡಿಸಿದಳು, ಒಂದು ಮಾತು ಸೇರಿಸಿ: "ಪುರುಡಿನ ಕೈ ಒಳಗೆ ಬಂತೋ, ನಾನು ಒಳಗಿರಾಕಿಲ್ಲ."

ಹೊರಡುವ ದಿನ ದೊಡ್ಡಮ್ಮ ಬೆಳಗ್ಗೆಯೇ ಸುಣ್ಣದ ಪುಡಿ ತುಳಿದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿದ್ದವು. ಸೊಪ್ಪು ಹಾಕುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಜ್ವರದ ಹೊತ್ತಲ್ಲಿ ಹುಳುಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ಸೊಳ್ಳೆಪರದೆಯಂಥ ಬಲೆಯ ಬಾಗಿಲಿನಾಚೆ ಅವಳು ಒಂದೊಂದು ತಟ್ಟೆಯ ಮುಂದೆಯೂ ನಿಂತು ನಿಂತು ಮುಂದೆ ಹೋಗುವುದು ಕಾಣುತ್ತಿತ್ತು. ಹೊರಗೆ ಬಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬತ್ತೀನಿ ಅಂತ ಯೋಳಿ ಬಂದೆ," ಎಂದಳು. ಬಸ್ಸು ಬಂತು.

ಮೂರನೇ ದಿನ ಕೂಸು ಹುಟ್ಟಿತು. ಹೆಣ್ಣು. ಸುದ್ದಿ ಬಂದದ್ದು ಭಾವನ ಫೋನಿನಿಂದ. ಆಮೇಲೆ ಸಂಜೆಸಂಜೆಗೆ ದೊಡ್ಡಮ್ಮ ಮಾತಾಡುತ್ತಿದ್ದದ್ದೂ ಭಾವನ ಫೋನಿನಲ್ಲೇ. ಅದೇಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹುಳು ಎದ್ದವಾ, ಎಷ್ಟು ಸಲ ಸೊಪ್ಪು ಹಾಕಿದ್ರಿ, ಹಿಕ್ಕೆ ಎಂಗೈತೆ, ಇಷ್ಟೇ ಅವಳ ಮಾತು. ಕೂಸು ಹೇಗಿದೆ ಎಂದು ನಾನು ಕೇಳಿದರೆ, "ಇಷ್ಟುದ್ದ ಐತೆ. ಮುಖ ಎಲ್ಲ ನಮ್ಮವ್ವಂದೇ," ಎನ್ನುವಾಗ ದನಿ ಬೇರೆಯಾಗುತ್ತಿತ್ತು.

ಹುಳು ಎದ್ದ ಮೇಲೆ ನನಗೆ ಬಿಡುವಿರಲಿಲ್ಲ. ರೆಂಬೆ ಕೊಯ್ಯುವುದು, ಹೊರೆ ಕಟ್ಟುವುದು, ತರುವುದು, ತರುವಷ್ಟರಲ್ಲಿ ಹಿಂದಿನದು ಬರೀ ಕಡ್ಡಿ. ಒಂದು ಮಧ್ಯಾಹ್ನ ಊರಲ್ಲಿ ಗಾಳಿಯೇ ಇರಲಿಲ್ಲ. ಅಜ್ಜಿ ಊಟಕ್ಕೆ ಮನೆಗೆ ಹೋಗಿದ್ದಳು. ನಾನು ಹಿಪ್ಪುನೇರಳೆ ತೋಟದಲ್ಲಿದ್ದೆ. ಫೋನು? ಜಗಲಿಯ ಮೇಲೆ ಚಾರ್ಜಿಗೆ. ಹೊರೆ ಹೊತ್ತು ಬರುವಷ್ಟರಲ್ಲಿ ಅಜ್ಜಿ ಹುಳುಮನೆಯ ಮುಂದಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಒಳಗೆ ಹೋಗಲ್ವಾ ಅಜ್ಜಿ? ಸೊಪ್ಪು ತಂದೀನಿ."

"ನಾನು ಓಗಾಕಿಲ್ಲ. ನಿಮ್ಮ ದೊಡ್ಡಮ್ಮ ಬಂದವ್ಳೆ ಒಳಗೆ, ಅವಳೇ ಹಾಕ್ಲಿ."

ಬಲೆಯ ಬಾಗಿಲಿನಿಂದ ಇಣುಕಿದೆ. ಒಳಗೆ ಯಾರೂ ಇಲ್ಲ. ಫ್ಯಾನು ಮಾತ್ರ ತಿರುಗುತ್ತಿದೆ.

"ನಾನು ಓಗುವಾಗ ನಿಂತಿತ್ತು. ಬಂದು ನೋಡ್ದೆ, ತಿರುಗ್ತೈತೆ. ನೀನೂ ಇಲ್ಲ, ನಾನೂ ಇಲ್ಲ. ಒತ್ತಾಕಿಲ್ಲ ಅಂತ ಮಾತು ಕೊಟ್ಟು ಓಗಿದ್ಲು. ಬಾಣಂತಿ ಮುಟ್ಟಿದ ಕೈ. ನಾನೇನು ಮಾಡ್ಲಿ ಯೋಳು."

ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ರೆಂಬೆ ಎಲ್ಲಿ ದಟ್ಟ ಹಾಕಬೇಕು, ಎಲ್ಲಿ ತೆಳ್ಳಗೆ, ಅಂಚಿಗೆ ಹರಿದುಬಂದವನ್ನು ಹೇಗೆ ಒಳಗೆ ಸರಿಸಬೇಕು, ಯಾವುದೂ ನನಗೆ ಗೊತ್ತಿರಲಿಲ್ಲ. ಅಜ್ಜಿ ಎದ್ದು ಮನೆಗೆ ಹೋಗಿಬಿಟ್ಟರೆ ದೊಡ್ಡಮ್ಮ ಇವತ್ತೇ ಬಸ್ಸು ಹತ್ತಬೇಕಾಗುತ್ತಿತ್ತು. ಹತ್ತಿ ಬಂದರೂ ತಾನೇ ನಂಬಿದ ನಿಯಮದ ಪ್ರಕಾರ ಅವಳು ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲಿ ಮಗಳು ಬಾಗಿಲು ನೋಡುತ್ತಿರುತ್ತಾಳೆ, ಇಲ್ಲಿ ಇವಳು ಹೊಸ್ತಿಲ ಹೊರಗೆ ನಿಂತಿರುತ್ತಾಳೆ.

ಓಡಿ ಫೋನು ನೋಡಿದೆ. ದೊಡ್ಡಮ್ಮನ ನಂಬರಿನಿಂದ ಕರೆಯ ಮೇಲೆ ಕರೆ. ತಿರುಗಿ ಮಾಡಿದೆ. ಎತ್ತಿದ್ದು ದೊಡ್ಡಮ್ಮನಲ್ಲ.

"ಏನ್ರಿ, ಎಲ್ಲಿ ಹೋಗಿದ್ರಿ ನೀವು? ಎಷ್ಟು ಸಲ ಮಾಡ್ಲಿ? ನಿಮ್ಮ ಹುಳಕ್ಕ ಸೆಕಿ ಆಗೇತ್ರಿ! ಪೊಲೀಸ್ ಜೀಪು ಬಂದಂಗ ಬಡ್ಕೊಳ್ಳಾಕತ್ತಿತ್ತು ಫೋನು!"

ಹಿಂದೆ ಹೊಲಿಗೆ ಯಂತ್ರ ಓಡುವ ಸದ್ದು.

"ನೀವು ಯಾರ‍್ರಿ?"

"ನಾನ್ರಿ, ನಿಮ್ಮ ಅಕ್ಕಾರ ಮನಿ ಕೆಳಗ ಇರೋಕಿ. ಪ್ಯಾಂಟ್ ಹೊಲೀತೀನಲ್ಲ. ನೀವು ಬಂದಾಗ ಮೆಟ್ಟಿಲ ಮ್ಯಾಲ ಚಪ್ಲಿ ಬಿಟ್ಟೀರಿ ಅಂತ ಬೈದಿದ್ನೆಲ್ಲ, ಅಕೀ."

ನೆನಪಾಯಿತು. ಅಕ್ಕನ ಮನೆಯ ಕೆಳಗಿನ ಭಾಗದಲ್ಲಿ ಮನೆಯನ್ನೇ ಹೊಲಿಗೆ ಅಂಗಡಿ ಮಾಡಿಕೊಂಡ ಮುಸ್ಲಿಂ ಹೆಂಗಸು. ನಮ್ಮ ಊರಲ್ಲಿ ಬೀದಿಗೆ ಇಂಥ ಹತ್ತು ಮನೆ.

"ದೊಡ್ಡಮ್ಮನ ಫೋನ್ ನಿಮ್ಮ ಹತ್ರ ಯಾಕ?"

"ಅಯ್ಯ, ಹೆರಿಗಿಗಂತ ದವಾಖಾನಿಗೆ ಹೊಂಟ ದಿನಾನ ಕೊಟ್ಟಾರ‍್ರಿ. ಇದು ಹುಳದ ಫೋನಂತ, ಬಾಣಂತಿ ಕೋಣಿ ಒಳಗ ಒಯ್ಯಂಗಿಲ್ಲಂತ. ಪುರುಡು ಇದರಾಗಿಂದ ಹುಳದ ತನಕ ಹೋಗತೈತಂತ. ನಮಗೇನು ಪುರುಡಿಲ್ಲಲ್ರಿ, ಅದಕ್ಕ ನನ್ನ ಮಿಷನ್ ಬಾಜೂಕ ಇಟ್ಟಾರ. ಕೆಂಪಗಾದ್ರ ನಿಮಗ ಫೋನ್ ಮಾಡು ಅಂದಾರ. ಮಾಡಿದ್ನಿ. ನೀವು ಎತ್ತಲಿಲ್ಲ. ಮ್ಯಾಲ ಹೋಗಿ ಹೇಳೋಣಂದ್ರ ನಿಮ್ಮ ದೊಡ್ಡಮ್ಮಾರು ಕೂಸಿಗೆ ನೀರು ಹಾಕಾಕತ್ತಿದ್ರು. ಇನ್ನೇನು ಮಾಡ್ಲಿ? ಫ್ಯಾನಿನ ಫೋಟೋ ಕಾಣ್ತು. ಒತ್ತಿದ್ನಿ. ತಪ್ಪಾತೇನ್ರಿ?"

ಹುಳುಮನೆಗೂ ಕೂಸಿನ ಕೋಣೆಗೂ ನಡುವೆ ಅಷ್ಟು ಊರು, ಅಷ್ಟು ಬೆಟ್ಟ, ಹಗರಿ ಹೊಳೆ ಎಲ್ಲ ಇದ್ದರೂ ದೊಡ್ಡಮ್ಮನ ಲೆಕ್ಕದಲ್ಲಿ ಅವೆರಡೂ ಈಗ ಪಕ್ಕಪಕ್ಕದ ಕೋಣೆಗಳಾಗಿದ್ದವು, ನಡುವೆ ಫೋನು ಎಂಬ ಬಾಗಿಲು. ಬಾಗಿಲ ಬಳಿ ಅವಳು ಒಬ್ಬರನ್ನು ಕೂರಿಸಿದ್ದಳು. ವಸ್ತುಗಳು ಪರಸ್ಪರ ಜೋಡಿಸಿಕೊಂಡಿರುತ್ತವೆ ಎಂಬುದರ ವಿರುದ್ಧ ನಾನು ದಾರಿಯುದ್ದಕ್ಕೂ ವಾದ ಕಟ್ಟಿದ್ದೆ. ಅವಳು ಅದನ್ನು ಪೂರ್ತಿ ನಂಬಿ, ಅದಕ್ಕೆ ತಕ್ಕ ಎಚ್ಚರವನ್ನೂ ಇಟ್ಟುಕೊಂಡಿದ್ದಳು.

"ತಪ್ಪಾಗಿಲ್ರಿ," ಎಂದೆ. "ಒಂದು ನಿಮಿಷ ಇರ‍್ರಿ."

ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಯ ಮುಂದೆ ಹಿಡಿದೆ. "ಅಜ್ಜಿ, ಒತ್ತಿದ್ದು ದೊಡ್ಡಮ್ಮ ಅಲ್ಲ. ಕೆಳಗಿನ ಮನಿ ಹೆಂಗಸು. ಕೇಳು ಬೇಕಾದ್ರ."

ಅಜ್ಜಿ ಫೋನನ್ನು ಸಂಶಯದಿಂದ ನೋಡಿದಳು. "ಯಾರವ್ವ ನೀನು? ಯಾವ ಮನೆ?"

"ಸಾಬರ ಮನೀರಿ. ಟೇಲರ್."

"ಕೂಸು ಮುಟ್ಟಿದ್ಯಾ?"

"ಇಲ್ರಿ. ಪುರುಡು ಕಳೀಲಿ ಅಂದಾರ ದೊಡ್ಡಮ್ಮಾರು. ಬಾಗಿಲಾಗ ನಿಂತು ನೋಡೀನಿ."

"ಕೈ ತೊಳಕಂಡಿದ್ಯಾ?"

ನಾನು ತಲೆ ಹಿಡಿದುಕೊಂಡೆ. ಕೈ ತೊಳೆದಿದ್ದೀಯಾ ಎಂದು ಎರಡು ಬಸ್ಸು ದೂರದವಳನ್ನು ಕೇಳುವುದು! ಆ ಕಡೆಯಿಂದ ಮಾತ್ರ ಉತ್ತರ ತಡವಿಲ್ಲದೆ ಬಂತು.

"ಕೈ ಅಷ್ಟ ಅಲ್ರಿ ಅಜ್ಜಿ, ಮಾರಿ, ಕಾಲು ಎಲ್ಲಾ ತೊಳಕೊಂಡಿದ್ನಿ. ಮಧ್ಯಾನದ ನಮಾಜಿಗೆ ನಿಂದ್ರಬೇಕಂತ ನೀರು ಮುಟ್ಟಿ ಬಂದ್ನಿ, ಅಷ್ಟೊತ್ತಿಗೆ ಫೋನು ಬಡ್ಕೊಂತು. ಇದನ್ನ ಒತ್ತೇ ನಮಾಜಿಗೆ ಹೋಗಿದ್ದು."

ಅಜ್ಜಿಯ ಮೊದಲಿನ ಪ್ರಶ್ನೆಯ ಎರಡು ಕೊಂಬುಗಳೂ ಹಾಗೇ ಇದ್ದವು. ಕೈ ಬಂದಿತ್ತು, ನಿಜ. ಆದರೆ ಬಂದ ಕೈ ಶುದ್ಧವಾಗಿತ್ತು. ನನಗೆ ಹೊಳೆಯದ ಮೂರನೆಯ ದಾರಿ.

"ನಮ್ಗಿಂತ ಮಡೀಲಿದ್ದೀಯ ಬಿಡವ್ವ," ಎಂದು ಅಜ್ಜಿ ಮೊಣಕಾಲು ಹಿಡಿದು ಎದ್ದಳು. ಸುಣ್ಣದ ಪುಡಿ ತುಳಿಯುತ್ತಾ ನನ್ನ ಕಡೆ ತಿರುಗಿ, "ಏನು ನೋಡ್ತಾ ನಿಂತೆ? ಸೊಪ್ಪು ತತ್ತಾ! ವಾದ ಮಾಡೋಕೆ ಮಾತ್ರ ಮುಂದು," ಎಂದಳು.

ಅಂದಿನಿಂದ ಟೇಲರಮ್ಮನ ಕರೆ ದಿನಕ್ಕೆ ಎರಡು ಮೂರು ಸಲ ಬರತೊಡಗಿತು. ಫೋನು ಕೆಂಪಾಗದಿದ್ದರೂ. "ಊಟ ಆತೇನ್ರಿ ಅವಕ್ಕ?" ಎಂದು ಶುರುಮಾಡುತ್ತಿದ್ದಳು. ಅವಳು ರೇಷ್ಮೆಹುಳುವನ್ನು ಕಣ್ಣಲ್ಲಿ ಕಂಡವಳಲ್ಲ. ಎಷ್ಟುದ್ದ, ಕಚ್ಚತಾವೇನು, ಬಣ್ಣ ಯಾವುದು, ರಾತ್ರಿ ಮಲಗತಾವೇನು. ಒಂದು ಸಂಜೆ ನಾನು ಫೋನನ್ನು ಬಲೆಯ ಬಾಗಿಲೊಳಗೆ ಚಾಚಿ ಹಿಡಿದೆ. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವ ಸದ್ದು. ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಯವ್ವಾ," ಎಂದಳು ಕೊನೆಗೆ. "ನಮ್ಮ ಕಟಿಂಗ್ ಟೇಬಲ್ ಮ್ಯಾಲ ಕತ್ತರಿ ಓಡಿದಂಗ ಕೇಳತೈತಲ್ರಿ. ಎಲ್ಲಾರೂ ಕೂಡಿ ಯಾರಿಗೆ ಬಟ್ಟಿ ಕತ್ತರಸಾಕತ್ತಾರ?"

ಆ ಮಾತು ದೊಡ್ಡಮ್ಮನಿಗೂ ತಲುಪಿತಂತೆ. ಹೇಗೆಂದರೆ, ನನ್ನ ಸುದ್ದಿ ಫೋನಿನಲ್ಲಿ ಕೆಳಗಿನ ಮನೆಗೆ ಬರುತ್ತಿತ್ತು. ಅಲ್ಲಿಂದ ಮೆಟ್ಟಿಲ ಬುಡದಲ್ಲಿ ನಿಂತು ಟೇಲರಮ್ಮ ಕೂಗುತ್ತಿದ್ದಳು. ಮೇಲಿನಿಂದ ದೊಡ್ಡಮ್ಮ ಕೂಗಿ ಉತ್ತರಿಸುತ್ತಿದ್ದಳು. ಟವರು, ದೂರದ ಕಂಪ್ಯೂಟರು, ಇನ್ನೊಂದು ಟವರು ಎಲ್ಲ ದಾಟಿ ಬಂದ ಸುದ್ದಿ ಕಡೆಯ ಹನ್ನೆರಡು ಮೆಟ್ಟಿಲನ್ನು ಹೆಂಗಸಿನ ಗಂಟಲಿನಲ್ಲೇ ಹತ್ತಬೇಕಿತ್ತು. ನಾನು ಇದನ್ನು ಗೇಲಿ ಮಾಡಬಹುದಿತ್ತು. ಮಾಡಲಿಲ್ಲ. ಭಾವನ ಫೋನಿದೆಯಲ್ಲ, ಅದಕ್ಕೇ ನೇರ ಮಾಡುತ್ತೇನೆ ಎಂದೂ ಹೇಳಲಿಲ್ಲ.

ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಒಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಸೊಪ್ಪು ಬಿಟ್ಟು ತಲೆಯೆತ್ತಿ ಏರಲು ಜಾಗ ಹುಡುಕುತ್ತದೆ. ಅಜ್ಜಿ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಹಾಕಿದಳು. ಗೂಡು ಕಟ್ಟಲು ಸುರುಳಿಸುರುಳಿಯಾಗಿ ಹೆಣೆದ ಬಿದಿರಿನ ತಟ್ಟೆ ಅದು; ಪ್ಲಾಸ್ಟಿಕ್ಕಿನದು ಬಂದಿದ್ದರೂ ದೊಡ್ಡಮ್ಮ ಬಿದಿರನ್ನು ಬಿಟ್ಟಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಮೊದಲ ಸುರುಳಿಗಳಲ್ಲಿ ತೆಳ್ಳನೆಯ ಎಳೆ ಹೊಳೆಯತೊಡಗಿತು.

ಅಜ್ಜಿ, "ಮಾಡು ಫೋನು," ಎಂದಳು.

ಟೇಲರಮ್ಮ ಎತ್ತಿದಳು. ನಾನು ಹೇಳಿ ಮುಗಿಸುವ ಮೊದಲೇ ಅವಳು ಓಡಿದ್ದು ಕೇಳಿಸಿತು. ಫೋನು ಅವಳ ಕೈಯಲ್ಲೇ ಇತ್ತು, ಆರಿಸಿರಲಿಲ್ಲ.

"ಅಕ್ಕಾರ! ಏರಿದವಂತ್ರಿ! ಎಲ್ಲಾ ಏರಿದವಂತ!"

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನ ದನಿ, ಕೂಗಿದ್ದಲ್ಲ, ಮೆಟ್ಟಿಲವರೆಗೆ ಬಂದು ಹೇಳಿದ್ದು: "ಎಲ್ಲಾ ಏರಿದ್ವಾ?"

"ಎಲ್ಲಾ."

"ಅಜ್ಜಿಗೆ ಯೋಳು, ನಾನು..." ಅಷ್ಟರಲ್ಲಿ ಹಿಂದೆ ಕೂಸು ಅತ್ತಿತು. ಎಳೆಯ ಬೆಕ್ಕಿನ ಹಾಗೆ, ತುಂಡು ತುಂಡಾಗಿ. ಆಮೇಲೆ ಅಕ್ಕನ ದನಿ: "ಅಮ್ಮಾ, ಬಾರಮ್ಮ ಇಲ್ಲಿ." ದೊಡ್ಡಮ್ಮ ಮಾತು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು.

ಇಲ್ಲಿ ಹುಳುಮನೆಯ ಬಾಗಿಲಲ್ಲಿ ಸ್ಪೀಕರಿಗೆ ಕಿವಿ ಕೊಟ್ಟು ನಿಂತಿದ್ದ ಅಜ್ಜಿ ಆ ಅಳುವನ್ನು ಕೇಳಿದಳು. ಪುರುಡಿನ ಕೂಸಿನ ಅಳು ಹುಳುಮನೆಯ ಹೊಸ್ತಿಲಿಗೆ ಬಂದಿತ್ತು. ಏನೆನ್ನುತ್ತಾಳೋ ಎಂದು ನಾನು ಕಾದೆ. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಗಂಟ್ಲು ಗಟ್ಟಿ ಐತೆ," ಎಂದಳಷ್ಟೆ.

ಪುರುಡಿನ ಸ್ನಾನ ಮುಗಿಸಿ ದೊಡ್ಡಮ್ಮ ಊರಿಗೆ ಬರುವ ಹೊತ್ತಿಗೆ ಗೂಡು ಬಿಡಿಸಿ ಹಿಂದೂಪುರದ ಮಾರುಕಟ್ಟೆಗೆ ಸಾಗಿಸಿಯಾಗಿತ್ತು. ಅವಳಿಗೆಂದು ಅಜ್ಜಿ ಒಂದು ಹಿಡಿ ಗೂಡನ್ನು ಕಿಟಕಿಯಲ್ಲಿ ಇಟ್ಟಿದ್ದಳು. ಅದರಲ್ಲಿ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮಿಕ್ಕದ್ದನ್ನು ಟೇಲರಮ್ಮನಿಗೆ ಕಳಿಸಬೇಕೆಂದು ದೊಡ್ಡಮ್ಮ ಬಟ್ಟೆಯಲ್ಲಿ ಕಟ್ಟಿದಳು.

ಫೋನು ದೊಡ್ಡಮ್ಮನ ಜೊತೆ ಬಂದಿತ್ತು. ಅದರ ಹಿಂದೆಯೇ ಟೇಲರಮ್ಮನ ಕೋರಿಕೆಯೂ ಬಂತು: ಹುಳದ ಆ ಆಪ್ ನನ್ನ ಫೋನಿಗೂ ಹಾಕಿಕೊಡ್ರಿ. ಯಾಕೆಂದು ಕೇಳಿದೆ; ಬಿಡುವುದುಂಟೇ.

"ಸುಮ್ನರಿ. ಕೆಲ್ಸದ ನಡುವ ನೋಡೋದು ರೂಢಿ ಆಗೇತಿ."

ಗುರುತು ಪರಿಚಯ ಇಲ್ಲದವರು ಕೂತು ನಿನ್ನ ಮನೆಯ ಸೆಕೆ ನೋಡುತ್ತಾರೆ ಎಂದು ನಾನು ಹೇಳಿದ್ದೆನಲ್ಲ. ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವಳ ನಂಬರನ್ನು ನಾನೇ ಸೇರಿಸಿಕೊಟ್ಟೆ. ದೂರದ ಕಂಪ್ಯೂಟರಿನ ಬಗ್ಗೆ ನನ್ನ ಆಕ್ಷೇಪ ಇಂದಿಗೂ ಇದೆ, ಹಿಂತೆಗೆದುಕೊಂಡಿಲ್ಲ. ಯಾರ ಮನೆಯ ಸೆಕೆ ಯಾರ ವ್ಯಾಪಾರಕ್ಕೆ ಹೋಗುತ್ತದೆ ಎಂದು ಕೇಳುತ್ತಲೇ ಇರಬೇಕು. ಆದರೆ ಆ ವಾದದಲ್ಲಿ ಟೇಲರಮ್ಮನನ್ನು ಎಲ್ಲಿ ಕೂರಿಸಬೇಕೋ ನನಗೆ ತಿಳಿದಿಲ್ಲ.

ನಾನು ರಾಯದುರ್ಗಕ್ಕೆ ಹೊರಡುವ ದಿನ ದೊಡ್ಡಮ್ಮ ಖಾಲಿ ಹುಳುಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತಿದ್ದಳು. ತಟ್ಟೆಗಳು ಹೊರಗೆ ಬಿಸಿಲಿಗೆ. ಒಳಗೆ ಬರಿ ಗೋಡೆ, ಒದ್ದೆ ನೆಲ, ಮೇಲೆ ತೂಗುವ ಆ ಮೂತಿ. ಫೋನು ರಿಂಗಾಯಿತು. ಅವಳ ಕೈ ಒದ್ದೆ. ನಾನು ಎತ್ತಿ ಸ್ಪೀಕರಿಗೆ ಹಾಕಿದೆ.

"ಅಕ್ಕಾರ, ಅಲ್ಲಿ ಮಳಿ ಬಂತೇನ್ರಿ? ತೇವ ಭಾಳ ಏರೇತಿ ಒಮ್ಮೆಗೇ."

ದೊಡ್ಡಮ್ಮ ಪೊರಕೆ ಹಿಡಿದೇ ನಕ್ಕಳು. "ಎಲ್ಲಿ ಮಳೆನವ್ವ! ನೆಲ ತೊಳೀತಿದೀನಿ."

ಆ ಕಡೆ ಯಂತ್ರ ನಿಂತಿತು. "ಹಂಗಾದ್ರ ಹೊಸಾ ಹುಳ ತರ್ತೀರೇನ್ರಿ?"

"ತತ್ತೀನಿ. ಒಣಗ್ಲಿ ತಡಿ." ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅದಿರ್ಲಿ, ಕೂಸು ಏನ್ ಮಾಡ್ತೈತೆ? ಸದ್ದು ಕೇಳ್ತದಾ?"

"ತಡೀರಿ," ಎಂದಳು ಟೇಲರಮ್ಮ. ಅವಳು ಉಸಿರು ಬಿಗಿಹಿಡಿದು ಮೇಲಿನ ಮನೆಗೆ ಕಿವಿ ಕೊಡುವುದು ಇಲ್ಲಿಗೂ ತಿಳಿಯುತ್ತಿತ್ತು. ದೊಡ್ಡಮ್ಮನೂ ಒದ್ದೆ ನೆಲದ ಮೇಲೆ ಅಲ್ಲಾಡದೆ ನಿಂತಳು.

"ಏನೂ ಇಲ್ರಿ. ಈಗ ಹಾಲು ಕುಡದು ಮಲಗೇತಿ ಕಾಣತೈತಿ."

"ಮಲಗ್ಲಿ," ಎಂದಳು ದೊಡ್ಡಮ್ಮ, ದನಿ ತಗ್ಗಿಸಿ.